ಚಿತ್ರಶಾಲೆಯಲ್ಲಿ ಒಂದು ಕುಬಸ

ಕಂಪ್ಲಿಯ ಮುದುಕಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಸುಳ್ಳು ಹೇಳಬೇಕಾದರೆ ನಿಜ ಏನೆಂಬುದು ಮೊದಲು ಪೂರ್ತಿ ಗೊತ್ತಿರಬೇಕು. ಮುದುಕಪ್ಪ ಯಾವುದನ್ನೂ ಅರ್ಧಕ್ಕಿಂತ ಹೆಚ್ಚು ನೋಡಿದವನಲ್ಲ. ಉಳಿದರ್ಧವನ್ನು ಮನೆಗೆ ಬರುವ ದಾರಿಯಲ್ಲಿ ತಾನೇ ತುಂಬಿಕೊಳ್ಳುತ್ತಿದ್ದ. ಹೊಸಪೇಟೆಯಿಂದ ಕಂಪ್ಲಿಗೆ ದಾರಿ ಉದ್ದ, ಅವನ ಎತ್ತುಗಳು ನಿಧಾನ. ಹೀಗಾಗಿ ಅವನು ತರುವ ಸುದ್ದಿಗಳು ಊರು ಸೇರುವ ಹೊತ್ತಿಗೆ ಚೆನ್ನಾಗಿ ಮೈ ತುಂಬಿಕೊಂಡಿರುತ್ತಿದ್ದವು.

ಅವನು ಮನೆ ಅಳಿಯ. ಗಾಣದ ವಿರೂಪಾಕ್ಷಪ್ಪನ ಒಬ್ಬಳೇ ಮಗಳು ಹೊಳೆಮ್ಮನನ್ನು ಮದುವೆಯಾಗಿ, ಮಾವ ತೀರಿಕೊಂಡ ಮೇಲೆ ಕಬ್ಬಿನ ಗದ್ದೆಯನ್ನೂ ಬೆಲ್ಲದ ಗಾಣವನ್ನೂ ನೋಡಿಕೊಂಡಿದ್ದ. ಮನೆಯಲ್ಲಿ ಇನ್ನೊಬ್ಬಳೆಂದರೆ ಹೊಳೆಮ್ಮನ ಸೋದರತ್ತೆ ತಾಯಕ್ಕ. ಹೊಳೆಮ್ಮನನ್ನು ಸಾಕಿದವಳು ಅವಳೇ. ಹೊಳೆಮ್ಮನ ತಾಯಿ ಜಂಬಮ್ಮ, ಊರೂರಿಗೆ ಜ್ವರ ಬಂದು ಮನೆಮನೆಯಲ್ಲೂ ಜನ ಸತ್ತ ಆ ವರ್ಷ, ಕೂಸು ಇನ್ನೂ ಅಂಬೆಗಾಲಿಡುವ ಮೊದಲೇ ಹೋಗಿಬಿಟ್ಟಿದ್ದಳು. ಆಗಿನ ಕಂಪ್ಲಿಯಲ್ಲಿ ಫೋಟೋ ತೆಗೆಸಿಕೊಳ್ಳುವ ಹೆಣ್ಣುಮಕ್ಕಳು ಎಲ್ಲಿದ್ದರು? ಹೆತ್ತವಳ ಮುಖ ಹೇಗಿತ್ತೆಂದು ಹೊಳೆಮ್ಮನಿಗೆ ಗೊತ್ತಿರಲಿಲ್ಲ. ಸಣ್ಣವಳಿದ್ದಾಗ ಕೇಳಿದರೆ ತಾಯಕ್ಕ, "ಇದ್ಲವ್ವ, ಚಂದಿದ್ಲು," ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಿದ್ದಳು. ಕೇಳಿ ಕೇಳಿ ಹೊಳೆಮ್ಮ ಕೇಳುವುದನ್ನು ಬಿಟ್ಟಿದ್ದಳು.

ಈಗ ಹೊಳೆಮ್ಮನಿಗೆ ಚೊಚ್ಚಲು, ಏಳು ತಿಂಗಳು. ಕುಬಸ ಆಗಬೇಕು. ಕುಬಸವೆಂದರೆ ತವರಿನವರು ಹಸಿರು ಸೀರೆ, ಕುಪ್ಪಸದ ಖಣ, ಬುತ್ತಿ ಹೊತ್ತು ತಂದು ಬಸುರಿ ಮಗಳನ್ನು ಕೂರಿಸಿ ಉಡಿ ತುಂಬುವುದು. ಇಲ್ಲಿಯೇ ಇದ್ದುದು ತೊಡಕು. ಹೊಳೆಮ್ಮನ ತವರುಮನೆ, ಗಂಡನ ಮನೆ ಎರಡೂ ಒಂದೇ. ತವರಿನವರು ಬುತ್ತಿ ಹೊತ್ತು ಬರಬೇಕೆಂದರೆ ತಾಯಕ್ಕ ಅಡಿಗೆಮನೆಯಿಂದ ಪಡಸಾಲೆಗೆ ಬರಬೇಕು.

"ಹಿತ್ತಲ ಬಾಗಲಿಂದ ಹೊರಗ ಹೋಗಿ ಮುಂದಿನ ಬಾಗಲಿಂದ ಒಳಗ ಬರ್ರಿ, ಬೀಗರು ಬಂದಂಗ ಆಕ್ಕೈತಿ," ಎಂದು ಬದಿಯ ಮನೆಯ ಜಡೆಪ್ಪ ಉಪಾಯ ಹೇಳಿದ. ಓಣಿಯವರೆಲ್ಲ ಅದನ್ನೇ ಹೇಳಿಕೊಂಡು ನಕ್ಕರು. ಹೊಳೆಮ್ಮ ಅಂದು ಊಟ ಮಾಡದೆ ಮಲಗಿದಳು.

ಆ ವಾರದಲ್ಲಿಯೇ ಮುದುಕಪ್ಪ ಹೊಸಪೇಟೆಯ ದಲಾಲಿ ಅಂಗಡಿಗೆ ಬೆಲ್ಲದ ಬಂಡಿ ಹೊಡೆದುಕೊಂಡು ಹೋದದ್ದು. ಬೆಲ್ಲದ ಸವಾಲು, ಅಂದರೆ ಹರಾಜು, ಸಂಜೆಗೆ ಎಂದರು. ಬಿಸಿಲು ಕಲ್ಲು ಕಾಯಿಸುವಂತಿತ್ತು. ನೆರಳು ಹುಡುಕುತ್ತ ಹೊರಟವನಿಗೆ ಅಕ್ಕಿ ಗಿರಣಿಯ ಪಕ್ಕದಲ್ಲಿ ಬಾಗಿಲು ತೆರೆದಿಟ್ಟ ಉದ್ದನೆಯ ಉಗ್ರಾಣವೊಂದು ಕಂಡಿತು. ಬಾಗಿಲಲ್ಲಿ ಕನ್ನಡಕ ಹಾಕಿಕೊಂಡ ಮುದುಕರೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು.

"ಒಳಗ ತಣ್ಣಗ ಐತೇನ್ರಿ?" ಎಂದು ಮುದುಕಪ್ಪ ಕೇಳಿದ.

"ಇದು ಚಿತ್ರಶಾಲೆ."

"ಇರ್ಲಿ ಬಿಡ್ರಿ. ತಣ್ಣಗ ಐತೇನು?"

ಮುದುಕರು ಎದ್ದು ನಿಂತರು. ಅವರು ನಿವೃತ್ತ ಮಾಸ್ತರ ಹಂಪಯ್ಯನವರು. "ಇಲ್ಲಿರೋದು ಕಲಾವಿದ ಕೊಟ್ರಯ್ಯನವರ ಸಮಸ್ತ ಕೃತಿಗಳು. ಬ್ಯಾರೆ ಒಬ್ಬರದೂ ಇಲ್ಲ. ನೋಡಬಹುದು. ಮುಟ್ಟಬಾರದು, ಒರಗಬಾರದು, ಮಲಗಬಾರದು," ಎಂದರು. ಕೊನೆಯದನ್ನು ಮುದುಕಪ್ಪನ ಮುಖ ನೋಡಿದ ಮೇಲೆ ಸೇರಿಸಿದ್ದು.

ಈ ಕೊಟ್ರಯ್ಯ ಗಿರಣಿಯ ಮನೆತನದ ಹುಡುಗ. ಮದರಾಸಿಗೆ ಹೋಗಿ ಚಿತ್ರ ಬರೆಯುವುದನ್ನು ಕಲಿತು ಬಂದಿದ್ದ. ಕೆಲವು ದಿನ ಕಂಡದ್ದನ್ನು ಕಂಡಂತೆ ಬರೆದ, ಹೊಸಪೇಟೆಯವರು ತಲೆದೂಗಿದರು. ಆಮೇಲೆ ಅವನಿಗೆ ಏನು ತೋಚಿತೋ, ಹಂಪಿಯ ಗುಂಡುಕಲ್ಲುಗಳನ್ನು ನೀಲಿ ಮಾಡಿದ, ಎತ್ತಿಗೆ ಮೂರು ಕಾಲು ಸಾಕೆಂದ, ಹರಿಯುವ ಹೊಳೆಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿದ. ಊರವರು ತಲೆದೂಗುವುದನ್ನು ನಿಲ್ಲಿಸಿದರು. ಅವನು ಬರೆಯುವುದನ್ನು ನಿಲ್ಲಿಸಲಿಲ್ಲ. ಹಿಂದಿನ ವರ್ಷ ಎದೆನೋವು ಬಂದು ತೀರಿಕೊಂಡಾಗ ಅವನ ಅಕ್ಕ ಶಾಂತಕ್ಕ ಉಗ್ರಾಣದ ಅಕ್ಕಿ ಚೀಲಗಳನ್ನೆಲ್ಲ ಹೊರಗೆ ಹಾಕಿಸಿ, ಗೋಡೆಗೆ ಸುಣ್ಣ ಹೊಡೆಸಿ, ತಮ್ಮನ ಚಿತ್ರಗಳನ್ನು ತೂಗುಹಾಕಿಸಿದಳು. ಇನ್ನು ಅಕ್ಕಿ ಎಲ್ಲಿಡೋಣವೆಂದು ಗಿರಣಿಯ ಗುಮಾಸ್ತ ಕೇಳಿದ್ದಕ್ಕೆ, "ನಿಮ್ಮ ಮನ್ಯಾಗ ಇಟ್ಕೋ," ಎಂದಳಂತೆ.

ಮುದುಕಪ್ಪ ತಣ್ಣಗಿನ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಸುಖವಾಗಿ ನಡೆಯುತ್ತ ಹೋದ. ಮೂರು ಕಾಲಿನ ಎತ್ತಿನ ಮುಂದೆ ಸ್ವಲ್ಪ ಹೊತ್ತು ನಿಂತು ಮರುಗಿದ. ಮುಂದೆ ಆಳೆತ್ತರದ ಒಂದು ಚಿತ್ರವಿತ್ತು. ಒಬ್ಬ ಹೆಂಗಸು; ಏನು ಕಣ್ಣು, ಏನು ನಿಲುವು! ಜರಿ ಸೀರೆ, ಮೂಗಿನಲ್ಲಿ ದೊಡ್ಡ ನತ್ತು, ಸೊಂಟದ ಮೇಲೆ ಕೈ. ಚಿತ್ರದ ಬಲಕ್ಕೆ ಗೋಡೆಯ ಮೇಲೊಂದು ಚೀಟಿ. ಅದರಲ್ಲಿ 'ಕಂಪ್ಲಿ' ಎಂಬ ಅಕ್ಷರ ಕಂಡದ್ದರಿಂದ ಮುದುಕಪ್ಪ ಬೆರಳಿಟ್ಟು ಓದಿದ: 'ಕಂಪ್ಲಿ ಗಾಣದ ವಿರೂಪಾಕ್ಷಪ್ಪನವರ ಪತ್ನಿ ಜಂಬಮ್ಮ. ಹೊಳೆಯ ದಂಡೆ.'

ಇಲ್ಲಿ ಮುದುಕಪ್ಪನನ್ನು ಪೂರ್ತಿ ತಪ್ಪಿತಸ್ಥನೆನ್ನಲು ಬರುವುದಿಲ್ಲ. ಅವನು ದಿನ ಬೆಳಗಾದರೆ ನೋಡುವುದು ಬೆಲ್ಲದ ಪೇಟೆ. ಅಲ್ಲಿ ಬೆಲ್ಲದ ಪೆಂಟೆಗಳನ್ನು ಸಾಲಾಗಿ ಒಟ್ಟಿ, ಯಾರ ಬೆಲ್ಲವೆಂಬ ಚೀಟಿಯನ್ನು ರಾಶಿಯ ಬಲಕ್ಕೆ ಇಡುತ್ತಾರೆ. ಚೀಟಿ ಎಲ್ಲಿದೆಯೋ ಅದರ ಎಡಗಡೆಯ ರಾಶಿ ಅವರದು. ಹಂಪಯ್ಯ ಮಾಸ್ತರರು ಬೆಲ್ಲ ಮಾರಿದವರಲ್ಲ. ಅವರು ಪ್ರತಿ ಚಿತ್ರದ ಚೀಟಿಯನ್ನೂ ಎಡಕ್ಕೆ ಅಂಟಿಸಿದ್ದರು. ಹೀಗೆ ಒಬ್ಬರ ಚಿತ್ರದ ಚೀಟಿ ಇನ್ನೊಬ್ಬರ ಚಿತ್ರಕ್ಕೆ ದಕ್ಕಿತು.

ಮುದುಕಪ್ಪ ತಲೆಯ ವಸ್ತ್ರ ಬಿಚ್ಚಿ ಕಂಕುಳಲ್ಲಿಟ್ಟುಕೊಂಡ. ಅಳಿಯನಾಗಿ ಇಷ್ಟು ವರ್ಷವಾಗಿತ್ತು, ಅತ್ತೆಯನ್ನು ನೋಡುತ್ತಿರುವುದು ಇದೇ ಮೊದಲು. ಏನು ಮಾತಾಡಬೇಕೋ ತಿಳಿಯದೆ ಮೆಲ್ಲಗೆ, "ಆರಾಮ ಅದೀರೇನ್ರಿ?" ಎಂದ. ಬಾಗಿಲಲ್ಲಿ ಹಂಪಯ್ಯನವರು ಕೆಮ್ಮಿದರು.

ಪಕ್ಕದ ಚಿತ್ರದ ಮೇಲೂ ಅವನ ಕಣ್ಣು ಒಮ್ಮೆ ಹಾಯಿತು. ಕೆಂಪು ಚೀಲದ ಹಾಗೆ ಏನೋ ಇತ್ತು, ಅದರ ಮೇಲೊಂದು ಕುಂಬಳಕಾಯಿ. ಅದನ್ನು ನೋಡಲು ಅವನಿಗೆಲ್ಲಿ ಪುರಸೊತ್ತು? ಸವಾಲನ್ನು ದಲಾಲಿಗೆ ಬಿಟ್ಟು ಬಂಡಿ ಕಟ್ಟಿದ.

ಮನೆಯ ಹೊಸ್ತಿಲು ದಾಟುವ ಮೊದಲೇ ಕೂಗಿದ: "ಏ ಹೊಳೆಮ್ಮ, ನಿಮ್ಮವ್ವನ್ನ ನೋಡಿ ಬಂದೆ!"

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ತಾಯಕ್ಕನ ಕೈಯ ಮೊರ ನಿಂತಿತು. ಹೊಳೆಮ್ಮ ಕಂಬ ಹಿಡಿದುಕೊಂಡಳು. ಮುದುಕಪ್ಪ ನಡೆದದ್ದನ್ನು ಹೇಳಿದ. ಹೊಳೆಮ್ಮ ಕೇಳಿದಳು:

"ಕಣ್ಣು ಹೆಂಗದಾವ್ರಿ?"

"ಕಣ್ಣಂದ್ರ ಕಣ್ಣು! ಇಷ್ಟಿಷ್ಟು."

"ಬಣ್ಣ?"

"ಈಗ ಇಳಿಸಿದ ಬೆಲ್ಲ ನೋಡು, ಹಂಗ."

"ಕುಂತಾಳೇನು, ನಿಂತಾಳೇನು?"

"ನಿಂತಾಳ. ರಾಣಿ ನಿಂತಂಗ. ಸೊಂಟದ ಮ್ಯಾಲ ಕೈ ಇಟ್ಕೊಂಡು."

ತಾಯಕ್ಕ ಮೊರ ಕೆಳಗಿಟ್ಟಳು. "ಜಂಬಿ ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತದ್ದು ನಾ ನೋಡಿಲ್ಲಪ್ಪ. ಆಕಿ ಕೈಗೆ ಕೆಲಸಿತ್ತು."

"ಚಿತ್ರ ಬರಿಯೋ ಮುಂದ ಹಂಗ ನಿಲ್ಲಿಸ್ತಾರತ್ತಿ," ಎಂದು ಮುದುಕಪ್ಪ ಬಹಳ ತಿಳಿದವನಂತೆ ಹೇಳಿದ.

ಗೋಡೆಯ ಆಚೆಯಿಂದ ಜಡೆಪ್ಪ ಇಣುಕಿದ. "ಆ ಕಣ್ಣು ನನಗಿನ್ನೂ ನೆನಪೈತಿ ನೋಡು! ಬೀದ್ಯಾಗ ಬಂದ್ರ ದೀಪ ಬಂದಂಗ ಆಗ್ತಿತ್ತು," ಎಂದ. ಜಂಬಮ್ಮ ತೀರಿಕೊಂಡಾಗ ಜಡೆಪ್ಪ ತೊಟ್ಟಿಲಲ್ಲಿದ್ದ. ಆದರೆ ಅದನ್ನು ಯಾರೂ ಎತ್ತಿ ಹೇಳಲಿಲ್ಲ, ಏಕೆಂದರೆ ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಎಲ್ಲರಿಗೂ ಆ ಕಣ್ಣು ನೆನಪಾಗಿತ್ತು. ಒಬ್ಬಳಿಗೆ ನತ್ತು ನೆನಪಾಯಿತು. ಜಂಬಮ್ಮ ಅದನ್ನು ನಮ್ಮವ್ವನಿಂದಲೇ ಕೇಳಿ ಇಸಿದುಕೊಂಡು ತೊಟ್ಟಿದ್ದಳು ಎಂದಳು. ಬದುಕಿದ್ದಾಗ ಮೂಗಿನಲ್ಲಿ ಕಡ್ಡಿ ಚುಚ್ಚಿಕೊಂಡಿದ್ದ ಜಂಬಮ್ಮ ಎರಡು ದಿನದಲ್ಲಿ ಇಡೀ ಕಂಪ್ಲಿಗೆ ಚೆಲುವೆಯಾದಳು.

ಮೂರನೆಯ ದಿನ ಹೊಳೆಮ್ಮ ಗಂಡನಿಗೆ ರೊಟ್ಟಿ ಬಡಿಸುತ್ತ ಹೇಳಿದಳು: "ಏನ್ರಿ, ನನ್ನ ಕುಬಸ ಅಲ್ಲೇ ಆಗ್ಲಿ. ನಮ್ಮವ್ವ ಎಲ್ಲಿ ಅದಾಳೋ ಅದೇ ನನ್ನ ತವರುಮನಿ. ಒಂದು ಸಲ ಆಕಿ ಮುಖ ನೋಡಿಬಿಡ್ತೀನಿ. ಹೆರಿಗಿ ಮುಂದೈತಿ, ಹೆಂಗೋ ಏನೋ."

ಮದುವೆಯಾದಾಗಿನಿಂದ ಹೊಳೆಮ್ಮ ಗಂಡನಲ್ಲಿ ಏನನ್ನೂ ಕೇಳಿದವಳಲ್ಲ. ಮುದುಕಪ್ಪ ರೊಟ್ಟಿಯ ತುತ್ತನ್ನು ತಟ್ಟೆಗೆ ಇಳಿಸಿದ. "ಅಲ್ಲೇ ಆಕ್ಕೈತಿ ತಗೋ. ಅವರೆಲ್ಲ ನನಗ ಭಾಳ ಬೇಕಾದವರು," ಎಂದುಬಿಟ್ಟ.

ಇನ್ನೊಂದು ಮಾತು ಉಳಿದಿತ್ತು. ಜಂಬಮ್ಮನ ಅಕ್ಕ ಎರ್ರಮ್ಮ ಸೊಂಡೂರಿನಲ್ಲಿದ್ದಳು. ತಂಗಿ ಸತ್ತಾಗ ಕೂಸನ್ನು ತಾನು ಒಯ್ಯುತ್ತೇನೆಂದು ಬಂದಿದ್ದಳು, ತಾಯಕ್ಕ ಕೊಟ್ಟಿರಲಿಲ್ಲ. ಅಂದು ಮುರಿದ ಮಾತು ಇಂದಿಗೂ ಕೂಡಿರಲಿಲ್ಲ. ಎರ್ರಮ್ಮ ಮತ್ತೆ ಕಂಪ್ಲಿಯ ಮೆಟ್ಟಿಲು ತುಳಿದಿರಲಿಲ್ಲ.

"ಆಕಿನ್ನ ಕರಿ," ಎಂದು ತಾಯಕ್ಕ ತಾನಾಗಿಯೇ ಹೇಳಿದಳು. "ತವರಿನವರು ಅಂದ್ರ ಆಕಿನೇ. ಆದ್ರ ನನ್ನ ಕೂಡ ಮಾತಾಡೂದು ಬ್ಯಾಡ, ಅಷ್ಟ. ನಾನೂ ಆಡಂಗಿಲ್ಲ."

ಮುದುಕಪ್ಪ ಸೊಂಡೂರಿಗೆ ಒಂದು ಮಾತು ಕಳಿಸಿದ. ಹೊಸಪೇಟೆಗೆ ಹೋಗುವ ಬಂಡಿಯವನ ಕೈಯಲ್ಲಿ ಹಂಪಯ್ಯನವರಿಗೂ ಒಂದು ಮಾತು ಕಳಿಸಿದ: 'ಕಂಪ್ಲಿಯಿಂದ ಹತ್ತು ಮಂದಿ ಬರುತ್ತೇವೆ, ಜಂಬಮ್ಮನವರ ಚಿತ್ರ ನೋಡುವುದಿದೆ.' ಕುಬಸದ ವಿಷಯ ಹೇಳಲಿಕ್ಕೆ ಮರೆತ. ಚಿತ್ರಶಾಲೆ ತೆರೆದಾಗಿನಿಂದ ಹಂಪಯ್ಯನವರು ಕಂಡ ಜನರೆಲ್ಲ ತಂಪಿಗೆ ಬಂದವರೇ. ಹತ್ತು ಮಂದಿ ಒಂದು ಚಿತ್ರದ ಹೆಸರು ಹಿಡಿದು ಬರುತ್ತಾರೆಂದರೆ! ಅವರು ಕೋಟು ಹಾಕಿಕೊಂಡು ನೇರವಾಗಿ ತಹಸೀಲ್ದಾರರ ಕಚೇರಿಗೆ ಹೋಗಿ, ಕಂಪ್ಲಿಯಿಂದ ಕಲಾರಸಿಕರ ತಂಡವೊಂದು ಆಗಮಿಸಲಿದೆ, ತಾವು ದಯಮಾಡಿಸಬೇಕು ಎಂದು ಅರಿಕೆ ಮಾಡಿಕೊಂಡರು.

ಗೊತ್ತಾದ ದಿನ ಕಲಾರಸಿಕರು ಸರ್ವಿಸ್ ಮೋಟಾರಿನಿಂದ ಇಳಿದರು. ಹೋಳಿಗೆಯ ಬುಟ್ಟಿ, ಚಿತ್ರಾನ್ನದ ಬೋಗುಣಿ, ಚಾಪೆ, ಮಣೆ, ಬಾಳೆ ಎಲೆಯ ಕಟ್ಟು. ಎಲ್ಲಕ್ಕೂ ಹಿಂದೆ ತಲೆಯ ಮೇಲೆ ನೀರಿನ ಕೊಡ ಹೊತ್ತ ಜಡೆಪ್ಪ. ಹೊಸಪೇಟೆಯಲ್ಲಿ ನೀರು ಸಿಗುತ್ತದೋ ಇಲ್ಲವೋ ಎಂದು ಅವನಿಗೆ ಅನುಮಾನವಿತ್ತು.

ಬಾಗಿಲಲ್ಲಿ ಹಂಪಯ್ಯನವರು ಭಾಷಣದ ಕಾಗದ ಬಿಚ್ಚಿದವರು ಹಾಗೇ ಮಡಚಿದರು. "ಇದೇನಿದು?"

"ಕುಬಸ್ರಿ, ಮಾಸ್ತರ," ಎಂದ ಮುದುಕಪ್ಪ.

"ಇಲ್ಲಿ?"

"ಮಗಳ ಕುಬಸ ಅವ್ವನ ಮುಂದ ಅಲ್ದ ಸ್ಟೇಷನ್ನಾಗ ಮಾಡಾಕಾಕ್ಕೈತೇನ್ರಿ?"

ಹಂಪಯ್ಯನವರು ಗೋಡೆಯ ಮೇಲೆ ತಾವೇ ಬರೆದಿಟ್ಟ ನಿಯಮಗಳನ್ನು ಮೇಲಿನಿಂದ ಕೆಳಗಿನ ತನಕ ಓದಿದರು. ಮುಟ್ಟಬಾರದು, ಉಗುಳಬಾರದು, ಬೀಡಿ ಸೇದಬಾರದು ಎಂದಿತ್ತು. ಕುಬಸ ಮಾಡಬಾರದು ಎಂದು ಎಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಗಿರಣಿಯ ಕಡೆಯಿಂದ ಶಾಂತಕ್ಕ ಬಂದಳು. ಬಿಳಿ ಸೀರೆಯ, ನೆಟ್ಟಗೆ ನಡೆಯುವ ಮುದುಕಿ. ಹೊಳೆಮ್ಮನ ಹೊಟ್ಟೆ ನೋಡಿದಳು, ಮುಖ ನೋಡಿದಳು, ಬುತ್ತಿ ನೋಡಿದಳು. "ಹೊರಗ ಬಿಸಲಾಗ ಯಾಕ ನಿಲ್ಲಿಸೀರಿ ಮಾಸ್ತರ? ಬಸುರಿ ಹೆಣ್ಣುಮಗಳು. ಒಳಗ ಬಾರವ್ವ," ಎಂದಳು.

ಮುದುಕಪ್ಪ ಮುಂದೆ ಮುಂದೆ ನಡೆದು ರಾಣಿಯ ನಿಲುವಿನ ಚಿತ್ರದ ಎದುರು ನಿಂತು ಕೈ ತೋರಿಸಿದ. ಕಂಪ್ಲಿಯವರೆಲ್ಲ, "ಅಹಹಾ, ಅದೇ ಕಣ್ಣು," ಎಂದರು. ಜಡೆಪ್ಪ ಕೊಡ ಹೊತ್ತುಕೊಂಡೇ ತಲೆ ಬಾಗಿಸಲು ಹೋಗಿ ಅರ್ಧ ನೀರು ಚೆಲ್ಲಿಕೊಂಡ. ಹೊಳೆಮ್ಮ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಅವ್ವಾ, ನಾನು," ಎಂದಳು. ತಾಯಕ್ಕ ದೂರದಲ್ಲಿ ಕಿಟಕಿಯ ಹತ್ತಿರವೇ ನಿಂತಿದ್ದಳು. ಚಿತ್ರವನ್ನು ನೋಡಿದರೂ ನೋಡದವಳಂತೆ ಇದ್ದಳು.

"ಎಲ್ಲದಾಳೋ ನನ್ನ ತಂಗಿ?" ಎಂಬ ದನಿ ಬಾಗಿಲಲ್ಲಿ ಕೇಳಿಸಿತು. ಸೊಂಡೂರಿನ ಎರ್ರಮ್ಮ ಬಂದಿದ್ದಳು. ಕೈಯಲ್ಲಿ ಹಸಿರು ಸೀರೆ, ಖಣ ಇಟ್ಟ ತಟ್ಟೆ. ಎಲ್ಲರೂ ದಾರಿ ಬಿಟ್ಟರು. ಅವಳು ಚಿತ್ರದ ಮುಂದೆ ಬಂದು, ಕಣ್ಣು ಕಿರಿದು ಮಾಡಿ, ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಯಾರಿವನು?"

ಕಂಪ್ಲಿಯವರೆಲ್ಲ ಮುದುಕಪ್ಪನ ಕಡೆ ತಿರುಗಿದರು.

"ಯಾರೋ ಇವನು ಗಂಡಸು? ಗಂಟಲಾಗ ಎದ್ದ ಗಂಟು ಕಾಣಂಗಿಲ್ಲೇನು ನಿಮಗ? ನನ್ನ ತಂಗಿ ಅಂತ ಸೀರಿ ಉಟ್ಟ ಗಂಡಸಿನ ಮುಂದ ಹುಡುಗಿನ್ನ ನಿಲ್ಲಿಸಿ ಅಳಸಾಕ ಹತ್ತೀರಲ್ಲ!"

ಹಂಪಯ್ಯನವರು ಓಡಿ ಬಂದರು. "ಅಮ್ಮ ಹೇಳೋದು ಸರಿ. ಇವರು ನಾಟಕ ಕಂಪನಿಯ ಮುನಿಸ್ವಾಮಿ ನಾಯ್ಡು. ರಾಣಿ ಪಾರ್ಟು. ಚೀಟಿ ಎಡಕ್ಕ ಐತಲ್ಲ, ಓದ್ರಿ."

"ಎಡಕ್ಕೇನು?" ಎಂದ ಮುದುಕಪ್ಪ. ದನಿ ಅವನದೇ ಎಂದು ಅವನಿಗೇ ಅನ್ನಿಸಲಿಲ್ಲ. "ಬಲಕ್ಕಲ್ಲೇನ್ರಿ?"

"ಬಲಕ್ಕ ಯಾಕ ಹಚ್ಚಲಿ?"

"ಪ್ಯಾಟ್ಯಾಗ ಬಲಕ್ಕ ಇಡ್ತಾರಲ್ರಿ."

ಜಡೆಪ್ಪ ಕೊಡ ಇಳಿಸಿ, "ನನಗ ಮದಲೇ ಅನುಮಾನಿತ್ತು," ಎಂದ.

ಇದೇ ಗಳಿಗೆಯಲ್ಲಿ ತಹಸೀಲ್ದಾರರು ಜವಾನನೊಂದಿಗೆ ಒಳಗೆ ಬಂದರು. ಕಲಾರಸಿಕರ ತಂಡವು ಒಬ್ಬ ಕಲಾರಸಿಕನನ್ನು ನಡುವೆ ಹಾಕಿಕೊಂಡು ಬೈಯುತ್ತಿರುವುದನ್ನು ಕಂಡು, ಕಲೆಯ ವಿಷಯದಲ್ಲಿ ಅಭಿಪ್ರಾಯಭೇದ ಸಹಜವೆಂದು ಇಂಗ್ಲಿಷಿನಲ್ಲಿ ಏನೋ ಅಂದರು. ಶಾಂತಕ್ಕ ಅವರಿಗೆ ಚಾಪೆ ತೋರಿಸಿದಳು. ಕುಬಸದ ಮನೆಗೆ ಬಂದವರು ಹಾಗೇ ಹೋಗಬಾರದೆಂದು ಯಾರೋ ಅವರ ಕೈಯಲ್ಲಿ ಎಲೆ ಇಟ್ಟು ಹೋಳಿಗೆ ಬಡಿಸಿದರು. ತಹಸೀಲ್ದಾರರು ಕೂತು ತಿಂದರು. ಅವರಿಂದ ಮುಂದೆ ಯಾವ ತೊಂದರೆಯೂ ಆಗಲಿಲ್ಲ.

"ಹಂಗಾರ ನಮ್ಮವ್ವ ಎಲ್ಲಿ?" ಎಂದು ಹೊಳೆಮ್ಮ ಕೇಳಿದಳು.

ಹಂಪಯ್ಯನವರು ಪಕ್ಕದ ಚಿತ್ರಕ್ಕೆ ಕೈ ಮಾಡಿದರು. ಕೆಂಪು ಚೀಲ. ಈಗ ಎಲ್ಲರೂ ಸರಿಯಾಗಿ ನೋಡಿದರು. ಚೀಲವಲ್ಲ, ಕೆಂಪು ಸೀರೆಯುಟ್ಟು ನೆಲದ ಮೇಲೆ ಕೂತ ಹೆಂಗಸು. ಹಿಂದೆ ಗೋಡೆಯಂತೆ ನಿಂತ ನೀಲಿ ಹೊಳೆ. ಹೆಗಲಿತ್ತು, ಕೈಯಿತ್ತು, ಸೆರಗಿತ್ತು. ಮುಖ ಇರಬೇಕಾದಲ್ಲಿ ಅರಿಸಿನ ಬಣ್ಣದ ಒಂದು ಬೋಳು ಜಾಗ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ.

ಹೊಳೆಮ್ಮ ಮಣೆಯ ಮೇಲೆ ಮೆಲ್ಲಗೆ ಕೂತುಬಿಟ್ಟಳು. ಅಳಲಿಲ್ಲ. ಮುದುಕಪ್ಪನಿಗೆ ಅವಳು ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವನು ಕಂಬದ ಹಿಂದಕ್ಕೆ ಸರಿದ.

"ಮುಖ ಎಲ್ರಿ?" ಎಂದು ಎರ್ರಮ್ಮ ಕೇಳಿದಳು.

"ಮುಖ ಇಲ್ಲ ಅನ್ನಬಾರದು," ಎಂದರು ಹಂಪಯ್ಯನವರು. "ಅದನ್ನ ನೋಡುವವರಿಗೆ ಬಿಟ್ಟಾರ. ಇದು ಆಧುನಿಕ ಪದ್ಧತಿ."

"ನೋಡಾಕ ಬಂದವರೇ ಮುಖ ತರಬೇಕೇನು? ಮತ್ತ ಇವರೇನು ಬರದಂಗಾತು?"

ಶಾಂತಕ್ಕ ಹೊಳೆಮ್ಮನ ಪಕ್ಕದಲ್ಲಿ ಕೂತಳು. "ಅದು ಹಂಗಲ್ಲವ್ವ. ನನ್ನ ತಮ್ಮ ಆಗ ಮದರಾಸಿಂದ ರಜಾಕ್ಕ ಬಂದಿದ್ದ. ಕಂಪ್ಲಿ ಹೊಳಿ ದಂಡ್ಯಾಗ ನಿಮ್ಮವ್ವ ಕುಂತಿದ್ಲಂತ. 'ಯವ್ವಾ, ನಿನ್ನ ಚಿತ್ರ ಬರಕೊಳ್ಳಲೇನು' ಅಂದಿದ್ದಕ್ಕ ಸೆರಗು ಪೂರಾ ಮುಂದಕ್ಕ ಎಳಕೊಂಡು, 'ಮುಖ ಬ್ಯಾಡ, ಉಳಿದದ್ದು ಬರ್ಕೋ' ಅಂದ್ಲಂತ. ಆವಾಗಿಂದು ಪೆನ್ಸಿಲ್ಲಿಂದು ಇಟ್ಟುಕೊಂಡಿದ್ದ. ಇತ್ತೀಚಿಗೆ ಬಣ್ಣ ಹಾಕಿದ. ಮುಖ ಯಾಕ ಬಿಟ್ಟಿ ಅಂದ್ರ, 'ಆಕಿ ಬ್ಯಾಡ ಅಂದಾಳಲ್ಲಕ್ಕ' ಅಂದ."

ಎರ್ರಮ್ಮ ತಟ್ಟೆ ಹಿಡಿದುಕೊಂಡು ಆ ಚಿತ್ರದ ಹತ್ತಿರ ಹೋದಳು. ಆಮೇಲೆ, "ಹಂಗ ಅನ್ನಾಕಿನೇ ಆಕಿ," ಎಂದಳು. ಮೂಗು ಒರೆಸಿಕೊಂಡು, "ಇರ್ಲಿ. ಬಂದ ಕೆಲಸ ಆಗ್ಲಿ. ಮದಲು ಆಕಿಗೆ ಕುಂಕುಮ," ಎಂದು ಬೆರಳು ಅದ್ದಿ ಚಿತ್ರದ ಕಡೆ ಕೈ ನೀಡಿದಳು.

"ಮುಟ್ಟಬಾರದು!" ಎಂದು ಹಂಪಯ್ಯನವರು ಚೀರಿದರು.

ಆದರೆ ಎರ್ರಮ್ಮನ ಬೆರಳು ನಿಂತದ್ದು ಅವರ ಮಾತಿಗಲ್ಲ. ಎಲ್ಲಿ ಇಡುವುದು? ಬೋಳು ಜಾಗದ ಮೇಲೆ ಬೆರಳು ಅತ್ತ ಹೋಯಿತು, ಇತ್ತ ಬಂತು. "ಹಣಿ ಇಲ್ಲಿ ಬರ್ತೈತಿ," ಎಂದು ಕೊನೆಗೆ ತನಗೆ ತಾನೇ ಹೇಳಿಕೊಂಡಳು.

ಕಿಟಕಿಯ ಹತ್ತಿರದಿಂದ ತಾಯಕ್ಕ, ಯಾರಿಗೂ ಹೇಳದವಳಂತೆ, "ಅಲ್ಲಿ ಹಣಿ ಬಂದ್ರ ಮೂಗು ಎಲ್ಲಿ ಬರ್ತೈತಿ, ಕೊಳ್ಳಾಗೇನು?" ಎಂದಳು.

"ನನ್ನ ಬೆನ್ನಿಗೆ ಬಿದ್ದಾಕಿ ಆಕಿ. ಹಣಿ ಎಲ್ಲೈತಿ ಅಂತ ನೀ ಹೇಳಬ್ಯಾಡ."

"ದಿನಾ ಹೆರಳು ಹಾಕಿದಾಕಿ ನಾನು. ಸಣ್ಣ ಹಣಿ ಆಕಿದು. ಕೂದಲು ಹುಬ್ಬಿನ ತನ ಬರ್ತಿತ್ತು."

"ಹುಬ್ಬಿನ ತನ ಬರಾಕ ಆಕಿ ಏನು ಕರಡೀನಾ? ಅಗಲ ಹಣಿ! ಎಡಗಡೆ ಹುಬ್ಬಿನ್ಯಾಗ ಗಾಯದ ಕಲಿ ಇತ್ತು, ಬಾವಿಕಟ್ಟಿಗೆ ಬಿದ್ದದ್ದು."

"ಬಲಗಡೆ. ಬಾವಿಕಟ್ಟಿ ಅಲ್ಲ, ಗಾಣದ ಕಂಬ. ಬಿಸಿ ಬೆಲ್ಲ ಕದಿಯಾಕ ಹೋಗಿ ಬಡಿಸಿಕೊಂಡ್ಲು. ಮದುವಿ ಆಗಿ ಬಂದು ತಿಂಗಳಾಗಿರಲಿಲ್ಲ."

"ನಮ್ಮ ಹುಡುಗಿ ಕದಿಯಾಕಿ ಅಲ್ಲ. ನೀವು ತಿನ್ನಾಕ ಕೊಟ್ಟಿರಂಗಿಲ್ಲ."

"ಕೊಟ್ರೂ ಕದೀತಿದ್ಲು ನಿಮ್ಮ ಹುಡುಗಿ! ಕದ್ದದ್ದು ರುಚಿ ಅಂತಿದ್ಲು. ನನಗೂ ಪಾಲು ಕೊಡ್ತಿದ್ಲು."

"ಹಾಡು ಹೇಳ್ತಿದ್ಲಿಲ್ಲೋ? ಅದನ್ನೂ ಇಲ್ಲ ಅನ್ನು."

"ಹೇಳ್ತಿದ್ಲು. ರಾಗ ಬರ್ತಿರಲಿಲ್ಲ."

"ರಾಗ ಬರ್ತಿರಲಿಲ್ಲ," ಎಂದು ಎರ್ರಮ್ಮ ಒಪ್ಪಿದಳು. ಅದರ ಹಿಂದೆಯೇ ಮೂಗಿನ ವಿಷಯಕ್ಕೆ ಮತ್ತೆ ಜಗಳ ಹತ್ತಿತು.

ಹೊಳೆಮ್ಮ ಮಣೆಯ ಮೇಲೆ ಕೂತು ಒಮ್ಮೆ ಇವಳ ಕಡೆ, ಒಮ್ಮೆ ಅವಳ ಕಡೆ ತಿರುಗುತ್ತಿದ್ದಳು. ಹುಟ್ಟಿದಾಗಿನಿಂದ ಅವಳು ತಾಯಿಯ ವಿಷಯ ಇಷ್ಟು ಕೇಳಿರಲಿಲ್ಲ. ನಡುವೆ ಮಾತಾಡಿದರೆ ಎಲ್ಲಿ ನಿಂತುಬಿಡುತ್ತದೋ ಎಂದು ಉಸಿರು ಬಿಗಿಹಿಡಿದಿದ್ದಳು. ಕಣ್ಣು ತುಂಬಿ ಗಲ್ಲಕ್ಕಿಳಿದದ್ದನ್ನೂ ಒರೆಸಿಕೊಂಡಿರಲಿಲ್ಲ.

ಕಂಬದ ಹಿಂದಿನಿಂದ ಮುದುಕಪ್ಪ ಕಂಡದ್ದು ಆ ಕಣ್ಣೀರು ಮಾತ್ರ. ಯಥಾಪ್ರಕಾರ ಅರ್ಧ. ಈ ಜಗಳ ತಪ್ಪಿಸದೆ ಹೆಂಡತಿಗೆ ನೆಮ್ಮದಿಯಿಲ್ಲವೆಂದುಕೊಂಡು ಮುಂದೆ ಬಂದ.

"ದೊಡ್ಡವ್ವಾ, ಅತ್ತೀ, ಹಣಿದು ಇರ್ಲಿ ಬಿಡ್ರಿ. ಇಲ್ನೋಡ್ರಿ, ತೊಡಿ ಮ್ಯಾಲ ಎಂಥಾ ಚಂದ ಕುಂಬಳಕಾಯಿ ಬರದಾರ."

ಶಾಂತಕ್ಕ, "ಕುಂಬಳಕಾಯಿ ಅಲ್ಲಪ್ಪ ಅದು. ಕೂಸು," ಎಂದಳು.

"ನಿನ್ನ ಹೆಂಡ್ತಿನೋ ಅದು, ಹುಚ್ಚಪ್ಪ!" ಎಂದಳು ಎರ್ರಮ್ಮ.

ಮುದುಕಪ್ಪ ಚಿತ್ರದ ಕುಂಬಳಕಾಯಿ ನೋಡಿದ. ಮಣೆಯ ಮೇಲೆ ಏಳು ತಿಂಗಳ ಹೊಟ್ಟೆ ಹೊತ್ತು ಕೂತ ಹೊಳೆಮ್ಮನನ್ನು ನೋಡಿದ. ಮತ್ತೊಮ್ಮೆ ಚಿತ್ರ ನೋಡಿದ. ಏನಾದರೊಂದು ಒಳ್ಳೆಯ ಮಾತು ಆಡಲೇಬೇಕಿತ್ತು.

"ಹಂಗಾರ ಆಗಿಂದೀಗ ಭಾಳ ಇಳದಾಳ ಬಿಡ್ರಿ," ಎಂದ.

ಹೊಳೆಮ್ಮನ ಹೆಗಲು ಅಲುಗಿದವು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು, ತಡೆಯಲಾಗಲಿಲ್ಲ. ನಗು ಮೊದಲು ಮೂಗಿನಲ್ಲಿ ಬಂದು, ಗಂಟಲಲ್ಲಿ ಬಿಕ್ಕಿ, ಆಮೇಲೆ ಒಮ್ಮೆಲೇ ಉಗ್ರಾಣದ ತುಂಬ ಹರಡಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಲ್ಲಿಸಿ, ಗಂಡನ ಮುಖ ನೋಡಿ, ಮತ್ತೆ ನಕ್ಕಳು.

ಎರ್ರಮ್ಮನ ಕೈಯ ತಟ್ಟೆ ವಾಲಿತು. ಕುಂಕುಮ ಚೆಲ್ಲಿತು. ಅವಳು ಗೋಡೆ ಹಿಡಿದುಕೊಂಡಳು.

"ತಾಯಕ್ಕ," ಎಂದಳು. ಇಪ್ಪತ್ತು ವರ್ಷದ ಮೇಲೆ ಹೆಸರು ಹಿಡಿದು ಕರೆದದ್ದು. "ತಾಯಕ್ಕ, ಕೇಳಿದೇನು?"

ತಾಯಕ್ಕ ಕಿಟಕಿ ಬಿಟ್ಟು ಬಂದು ಚಾಪೆಯ ಮೇಲೆ ಕುಸಿದು ಕೂತಳು. "ನನಗೇನು ಹೊಸದಲ್ಲ ಬಿಡು. ಈಕಿ ಮನ್ಯಾಗ ಹಿಂಗ ನಕ್ಕಾಗೊಮ್ಮೆ ನಾ ಹಿತ್ತಲಿಗೆ ಹೋಗಿ ಒಂದಿಷ್ಟು ಅತ್ತು ಬರ್ತಿದ್ದೆ. 'ಇದು ನಿಮ್ಮವ್ವನದೇ ನಗು' ಅಂತ ಹೇಳಿದ್ರ ಹುಡುಗಿ ನಗೂದು ಬಿಟ್ಟೀತು ಅಂತ ಹೇಳಲಿಲ್ಲ."

ಹೊಳೆಮ್ಮ ನಗು ನಿಲ್ಲಿಸಿ ಇಬ್ಬರನ್ನೂ ನೋಡಿದಳು. ತನ್ನ ಬಾಯಿಯನ್ನು ತಾನೇ ಬೆರಳಿನಿಂದ ಮುಟ್ಟಿಕೊಂಡಳು.

ಎರ್ರಮ್ಮ ಬಗ್ಗಿ, ಬೆರಳಲ್ಲಿ ಉಳಿದಿದ್ದ ಕುಂಕುಮವನ್ನು ಹೊಳೆಮ್ಮನ ಹಣೆಗೆ ಹಚ್ಚಿದಳು. ಹಣೆ ಎಲ್ಲಿದೆಯೆಂದು ಈ ಸಲ ಯಾರೂ ತಕರಾರು ತೆಗೆಯಲಿಲ್ಲ. ಆಮೇಲೆ ಎರ್ರಮ್ಮ ತಾಯಕ್ಕನ ಪಕ್ಕದಲ್ಲಿಯೇ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು, ಮುದುಕಪ್ಪನ ಕಡೆ ತಿರುಗಿದಳು.

"ಏ ಅಳಿಯಾ, ಇನ್ನೊಮ್ಮೆ ನಗಸೋ ಆಕಿನ್ನ."

"ಹೂಂ, ನಗಸಪ್ಪ," ಎಂದಳು ತಾಯಕ್ಕ. "ಏನರ ಒಂದು ಹುಚ್ಚು ಮಾತಾಡು. ದಿನಾ ಆಡ್ತೀಯಲ್ಲ."

ಎಲ್ಲರೂ ಮುದುಕಪ್ಪನ ಬಾಯಿಯನ್ನೇ ನೋಡಿದರು. ಹಂಪಯ್ಯನವರು ನೋಡಿದರು, ಶಾಂತಕ್ಕ ನೋಡಿದಳು, ತಹಸೀಲ್ದಾರರು ಹೋಳಿಗೆ ಕೈಯಲ್ಲಿ ಹಿಡಿದುಕೊಂಡು ನೋಡಿದರು. ಮುದುಕಪ್ಪ ಬಾಯಿ ತೆರೆದ. ಮುಚ್ಚಿದ. ತಲೆ ಕೆರೆದುಕೊಂಡು ಮೇಲೆ ತೊಲೆಯನ್ನು ನೋಡಿದ, ಕೆಳಗೆ ಹಾಸುಗಲ್ಲನ್ನು ನೋಡಿದ. ಹುಟ್ಟಿದಾಗಿನಿಂದ ಯಾರೂ ಅವನನ್ನು ಹುಚ್ಚು ಮಾತಾಡೆಂದು ಕೇಳಿಕೊಂಡಿರಲಿಲ್ಲ. ಕೇಳಿಕೊಂಡಾಗ ಒಂದೂ ಬರಲೊಲ್ಲದು.

"ಏನಂತ ಮಾತಾಡ್ಲಿ?" ಎಂದು ಅವನು ಹೆಂಡತಿಯನ್ನೇ ದೈನ್ಯದಿಂದ ಕೇಳಿದ.

ಹೊಳೆಮ್ಮ ಅವನ ಮುಖ ನೋಡಿದಳು. ಈ ಸಲ ಸೆರಗು ಅಡ್ಡ ಹಿಡಿಯದೆ, ಇಬ್ಬರು ಮುದುಕಿಯರಿಗೂ ಚೆನ್ನಾಗಿ ಕೇಳುವ ಹಾಗೆ, ನಕ್ಕಳು.